ಒಬ್ಬರಾದ ಮೇಲೆ ಒಬ್ಬರು ಬರುವ ಹಾಡು

ನಮ್ಮ ಚರ್ಚಿನ ಸೂಚನಾ ಫಲಕದಲ್ಲಿ ಹಾಡಿನ ಮಾಸ್ಟರು ತೀರಿಕೊಂಡ ಸುದ್ದಿಗೆ ಮೂರು ಸಾಲು ಸಿಕ್ಕಿತ್ತು. ಅದರ ಕೆಳಗೆ ಕಾರು ನಿಲ್ಲಿಸುವ ಜಾಗದ ಬಗ್ಗೆ ಎಂಟು ಸಾಲಿತ್ತು. ‘ಗಾನವೃಂದದಲ್ಲಿ ಹಲವು ವರ್ಷ ಸೇವೆ ಸಲ್ಲಿಸಿದ ಹಿರಿಯ ಸದಸ್ಯರು’ ಎಂದು ಬರೆದಿದ್ದರು. ರಿಚರ್ಡ್ಸ್ ಟೌನಿನ ಒಂದು ಅಡ್ಡರಸ್ತೆಯ ಆ ಚರ್ಚಿನಲ್ಲಿ ನಲವತ್ತು ವರ್ಷ ನಾಲ್ಕು ದನಿಯ ಹಾಡು ಕೇಳಿಸಿದ್ದು ಅವರೊಬ್ಬರಿಂದ. ಆ ಮಾತು ಅಲ್ಲಿರಲಿಲ್ಲ.

ನಾನು ಅವರ ಕೈಕೆಳಗೆ ಇಪ್ಪತ್ತಾರು ವರ್ಷ ಬೇಸ್ ಹಾಡಿದವನು. ಬೇಸ್ ಎಂದರೆ ಗಂಡಸರ ತಗ್ಗು ದನಿ, ಟೆನರ್ ಗಂಡಸರ ಎತ್ತರದ ದನಿ; ಹೆಂಗಸರಲ್ಲಿ ತಗ್ಗಿನದು ಆಲ್ಟೋ, ಎತ್ತರದ್ದು ಸೊಪ್ರಾನೋ. ಮಾಸ್ಟರು ನನ್ನಿಂದ ತಮಗಾಗಿ ಕೇಳಿದ್ದು ಒಂದೇ ಒಂದು. ತಾವು ಸತ್ತ ದಿನ ಶವಪೆಟ್ಟಿಗೆಯ ನಾಲ್ಕೂ ಕಡೆ ನಿಂತು ನಾವು ಒಂದು ಹಾಡು ಹಾಡಬೇಕು, ಅದನ್ನು ನಾನು ಶುರು ಮಾಡಬೇಕು. ಆಗಲಿ ಮಾಸ್ಟ್ರೇ ಎಂದಿದ್ದೆ. ಆ ಮಾತು ಏನಾಯಿತು ಎಂದು ಹೇಳಬೇಕಾಗಿದೆ. ಅದಕ್ಕೆ ಮೊದಲು ಅವರ ವಿಷಯ ಹೇಳಬೇಕು, ಆ ಹಾಡು ಕಟ್ಟಿದವನ ವಿಷಯವನ್ನೂ ಹೇಳಬೇಕು. ನಾನು ಹೆಚ್ಚು ಓದಿದವನಲ್ಲ. ಗೊತ್ತಿರುವಷ್ಟು ಬರೆಯುತ್ತೇನೆ.

ಮೊದಲು ನೋಡಿದಾಗ ನನಗೆ ಇಪ್ಪತ್ತನಾಲ್ಕು. ಹೊಸ ತಿಪ್ಪಸಂದ್ರದ ಕಡೆ ವಿಮಾನದ ಬಿಡಿಭಾಗ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಇದ್ದೆ. ಭಾನುವಾರ ಆರಾಧನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರ ಜೊತೆ ಕೀರ್ತನೆ ಹೇಳುತ್ತಿದ್ದೆ. ಆರಾಧನೆ ಮುಗಿದ ಮೇಲೆ ಒಬ್ಬ ಸಣಕಲು ಮನುಷ್ಯ ಬಂದು ನನ್ನ ಎದೆಯ ಮೇಲೆ ಅಂಗೈ ಇಟ್ಟರು. ತೋಳು ಮಡಿಸಿದ ಬಿಳಿ ಶರ್ಟು, ಜೇಬಿನ ಸುತ್ತ ಬಿಳೀ ಧೂಳು.

“ಇನ್ನೊಂದ್ಸಲ ಆಮೆನ್ ಅನ್ನು.”

ಅಂದೆ.

“ಶನಿವಾರ ನಾಲ್ಕು ಗಂಟೆಗೆ ಬಾ.”

“ಶನಿವಾರ ಶಿಫ್ಟ್ ಇರತ್ತೆ ಸಾರ್.”

“ಶಿಫ್ಟ್ ಬದಲಾಯ್ಸ್ಕೋಪ್ಪಾ. ಲೇತ್ ಯಾರು ಬೇಕಾದ್ರೂ ತಿರುಗ್ಸ್ತಾರೆ.”

ನಾನು ಲೇತ್ ಕೆಲಸದವನೆಂದು ಅವರಿಗೆ ಹೇಳಿರಲಿಲ್ಲ. ನನ್ನ ಬೆರಳಿನ ಗಾಯ ನೋಡಿ ತಿಳಿದುಕೊಂಡಿದ್ದರು. ಅವರು ಮೊದಲು ನೋಡುತ್ತಿದ್ದುದು ಕೈಯನ್ನೇ, ಮುಖವನ್ನಲ್ಲ. ಅಂದಿನಿಂದ ನನ್ನ ಹೆಸರು ಹೋಯಿತು. ನಾನು ‘ಬೇಸು’ ಆದೆ. ಯಾರನ್ನೂ ಅವರು ಹೆಸರಿನಿಂದ ಕರೆಯುತ್ತಿರಲಿಲ್ಲ, ಹಾಡುವ ದನಿಯಿಂದಲೇ ಕರೆಯುತ್ತಿದ್ದರು. “ಏ ಬೇಸು, ನಿದ್ದೆನಾ?” “ಆಲ್ಟೋ ಅಮ್ಮಾ, ನಿಮ್ಮ ಸೊಸೆ ವಿಷಯ ಆಮೇಲೆ.” ರಸ್ತೆಯಲ್ಲಿ ಸಿಕ್ಕರೂ ಹಾಗೆಯೇ. ನನ್ನ ಮದುವೆಯ ದಿನ ಕೈಕುಲುಕಿ ನನ್ನ ಹೆಂಡತಿಗೆ ಹೇಳಿದ್ದು, “ಬೇಸನ್ನ ಚೆನ್ನಾಗಿ ನೋಡ್ಕೊಳ್ಳಮ್ಮ, ಶೀತ ಆಗ್ದಂಗೆ.”

ಜೇಬಿನ ಧೂಳು ಸೀಮೆಸುಣ್ಣದ್ದು. ತುಂಡುಗಳನ್ನು ಹಾಗೇ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕಾಗದ ಕೊಟ್ಟು ಕಲಿಸುವುದು ಅವರಿಗೆ ಸೇರುತ್ತಿರಲಿಲ್ಲ. ನಮ್ಮ ನಮ್ಮ ಕಾಲಿನ ಮುಂದೆ ಕೆಂಪು ನೆಲದ ಮೇಲೆ ಬಗ್ಗಿ ಡೊ ರೆ ಮಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದರು. ಮೊದಲು ಸ್ವರದ ಹೆಸರು ಹೇಳಿ ಹಾಡಬೇಕು. ಅದು ಬಾಯಿಗೆ ಕೂತ ಮೇಲೆಯೇ ಮಾತು. ಅಭ್ಯಾಸ ಮುಗಿದ ಮೇಲೆ ಒದ್ದೆ ಬಟ್ಟೆ ತಂದು ನೆಲವನ್ನು ಅವರೇ ಒರೆಸುತ್ತಿದ್ದರು. ನಾವು ಯಾರಾದರೂ ಒರೆಸಲು ಹೋದರೆ ಬಿಡುತ್ತಿರಲಿಲ್ಲ. “ನಾನ್ ಬರ್ದಿದ್ದು, ನಾನೇ ಅಳಿಸ್ಬೇಕು.”

ಅವರ ತಂದೆ ಟ್ಯಾನರಿ ರೋಡಿನ ಒಂದು ಚರ್ಮ ಹದ ಮಾಡುವ ಮಂಡಿಯಲ್ಲಿ ತೊಗಲು ಕೆರೆಯುವ ಕೆಲಸದಲ್ಲಿದ್ದವರು. ಸುಣ್ಣದ ನೀರಿನಲ್ಲಿ ನೆನೆಹಾಕಿದ ತೊಗಲಿನಿಂದ ಕೂದಲು ತೆಗೆಯುವುದು, ಆಮೇಲೆ ತಂಗಡಿ ತೊಗಟೆಯ ನೀರಿನಲ್ಲಿ ಹಾಕುವುದು. ಅಪ್ಪನ ಕೈ ಮೊಳಕೈವರೆಗೆ ಕಂದು ಬಣ್ಣವಿತ್ತು, ಸಾಯುವಾಗಲೂ ಹೋಗಲಿಲ್ಲ ಎನ್ನುತ್ತಿದ್ದರು. ಮನೆಯಲ್ಲಿ ತಮಿಳು, ಮಿಷನ್ ಶಾಲೆಯಲ್ಲಿ ಕನ್ನಡ. ಶಾಲೆಯಲ್ಲಿ ಇವರ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲವಂತೆ. “ಒಳ್ಳೇದೇ ಆಯ್ತು. ಕಾಲು ಚಾಚ್ಕೊಂಡು ಕೂತಿದ್ದೆ” ಎಂದು ನಗುತ್ತಿದ್ದರು. ಆ ನಗು ನನಗೆ ಆಗ ಅರ್ಥವಾಗಿರಲಿಲ್ಲ.

ಹದಿನೆಂಟರ ವಯಸ್ಸಿನಲ್ಲಿ ಚರ್ಚಿನ ಬೀರುವನ್ನು ಗೆದ್ದಲಿನಿಂದ ಉಳಿಸುವ ಕೆಲಸಕ್ಕೆ ಅವರನ್ನು ಕರೆದರು. ಅದರಲ್ಲಿ ಹಿಂದೆಂದೋ ಇದ್ದ ಒಬ್ಬ ಮಿಷನರಿ ಅಮ್ಮನವರು ಬಿಟ್ಟುಹೋದ ಒಂದು ರಾಗದ ಪುಸ್ತಕವಿತ್ತು. ಅಮೆರಿಕದ ಹಳೆಯ ಕಾಲದ ರಾಗಗಳು. ಮೊದಲ ಪುಟಗಳಲ್ಲಿ ಅವನ್ನು ಕಟ್ಟಿದವನ ವಿಷಯ ಸ್ವಲ್ಪ ಇತ್ತು. ಇಂಗ್ಲಿಷ್ ಡಿಕ್ಷನರಿ ಎರವಲು ತಂದು ಒಂದು ತಿಂಗಳು ಕೂತು ಓದಿದರಂತೆ. ಮೊದಲ ವಾಕ್ಯದಲ್ಲೇ ಇತ್ತು, ಅವನು ಚರ್ಮ ಹದ ಮಾಡುವ ಕಸುಬಿನವನೆಂದು. ಮಾಸ್ಟರು ಪುಸ್ತಕ ಮುಚ್ಚಿ ಹೊರಗೆ ಹೋಗಿ ಮುಖ ತೊಳೆದು ಬಂದರಂತೆ.

ಆ ಮನುಷ್ಯನ ಹೆಸರು ಮಾಸ್ಟರ ಬಾಯಲ್ಲಿ ಅಪರೂಪ. ಅವನು ಯಾವಾಗಲೂ ‘ನಮ್ಮವನು’. ಆದ್ದರಿಂದ ನಾನೂ ಹಾಗೇ ಬರೆಯುತ್ತೇನೆ. ಬೋಸ್ಟನ್ ಎಂಬ ಊರು, ಸುಮಾರು ಎರಡೂವರೆ ಶತಮಾನದ ಹಿಂದೆ. ಟೀ ವಿರಾಮದಲ್ಲಿ ಮಾಸ್ಟರು ಅವನ ಕಥೆಯನ್ನು ತುಂಡು ತುಂಡಾಗಿ ಹೇಳುತ್ತಿದ್ದರು.

“ಅವ್ನಿಗೆ ಒಂದು ಕಣ್ಣಿರ್ಲಿಲ್ಲಪ್ಪ. ಒಂದು ಕಾಲು ಗಿಡ್ಡ. ಒಂದು ಕೈ ಸೊರಗಿತ್ತು. ದೇವ್ರು ಮಿಕ್ಕಿದ್ದೆಲ್ಲಾ ಗಂಟಲಿಗೇ ಹಾಕ್ಬಿಟ್ಟಿದ್ದ. ಪಕ್ಕದಲ್ಲಿ ನಿಂತೋರ ದನಿ ಅವರಿಗೇ ಕೇಳಿಸ್ತಿರ್ಲಿಲ್ಲ.”

“ಮದ್ವೆ ಆಗಿತ್ತಾ ಮಾಸ್ಟ್ರೇ ಅವ್ನಿಗೆ?” ಎಂದು ಆಲ್ಟೋ ಅಮ್ಮ ಕೇಳಿದರು.

“ಆಗಿತ್ತು. ಆರು ಮಕ್ಳು.”

“ನಿಮಗೆ ಎಲ್ಲಾ ಸರಿಯಾಗಿದ್ದೂ ಆಗ್ಲಿಲ್ವಲ್ಲ.”

“ಆಲ್ಟೋದವರನ್ನ ಸಂಭಾಳಿಸೋದೇ ಸಾಕಾಗಿದೆ. ಅದ್ರ ಮೇಲೆ ಹೆಂಡ್ತೀನೂ ಬೇಕಾ.”

ಅವನಿಗೆ ಸಂಗೀತ ಹೇಳಿಕೊಡಲು ದೊಡ್ಡ ಗುರು ಯಾರೂ ಇರಲಿಲ್ಲ. ಕೆಲಸ ಮಾಡುತ್ತಲೇ ಮಂಡಿಯ ಗೋಡೆಯ ಮೇಲೆ, ತೊಗಲಿನ ಮೇಲೆ ಸೀಮೆಸುಣ್ಣದಿಂದ ರಾಗ ಬರೆಯುತ್ತಿದ್ದನಂತೆ. ಹಾಗೆ ಬರೆದವನು ತನ್ನ ದೇಶದಲ್ಲಿ ಪೂರ್ತಿ ತನ್ನವೇ ರಾಗಗಳ ಪುಸ್ತಕ ಅಚ್ಚು ಹಾಕಿಸಿದವರಲ್ಲಿ ಮೊದಲಿಗ. ಸಂಜೆಯ ಹಾಡಿನ ಶಾಲೆ ನಡೆಸಿ ಕೂಲಿಯವರಿಗೆ, ಅಂಗಡಿಯವರಿಗೆ ನಾಲ್ಕು ದನಿ ಕಲಿಸಿದ. ಅವನ ರಾಗ ಬರೀ ಸಿಹಿ, ಒಂದು ಅಪಸ್ವರವೂ ಇಲ್ಲ ಎಂದು ಓದಿದವರು ಹಳಿದಾಗ, ಅಪಸ್ವರ ಬಿಟ್ಟು ಇನ್ನೇನೂ ಇಲ್ಲದ ಒಂದು ತುಣುಕು ಕಟ್ಟಿ ಅವರ ಮುಖಕ್ಕೆ ಹಿಡಿದ. ಅದನ್ನು ಮಾಸ್ಟರು ಒಂದು ಶನಿವಾರ ನಮ್ಮಿಂದ ಹಾಡಿಸಿದರು. ನಗು ತಡೆಯಲಾರದೆ ಸೊಪ್ರಾನೋದವರು ಬೆಂಚಿನ ಮೇಲೆ ಕೂತುಬಿಟ್ಟರು. ಪಕ್ಕದ ಟೀ ಅಂಗಡಿಯ ಭಾಯಿ ಏನಾಯಿತೆಂದು ಬಾಗಿಲವರೆಗೆ ಓಡಿ ಬಂದ.

ಈ ಭಾಯಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವನ ಅಂಗಡಿ ಚರ್ಚಿನ ಕಾಂಪೌಂಡಿಗೆ ಅಂಟಿಕೊಂಡಂತಿದೆ. ಒಳಗೆ ಬಂದು ಕೂತು ಕೇಳಿದವನಲ್ಲ. ಆದರೆ ಶನಿವಾರ ಅವನಿಗೆ ತುಂಬಾ ಇಷ್ಟವಾದ ಹಾಡು ಬಂದಾಗ ಬುಸ್ ಎನ್ನುವ ಸ್ಟೌ ಆರಿಸಿ, ಗಿರಾಕಿಗಳಿಗೆ “ದೋ ಮಿನಿಟ್” ಎಂದು ಗೋಡೆಯ ಆಚೆ ನಿಲ್ಲುತ್ತಿದ್ದ. ಪಕ್ಕದ ಮಸೀದಿಯಿಂದ ಬಾಂಗು ಕೇಳಿಸಿದಾಗ ಮಾಸ್ಟರು ಕೈ ಎತ್ತಿ ನಮ್ಮನ್ನು ನಿಲ್ಲಿಸುತ್ತಿದ್ದರು. “ಅವ್ರು ಮುಗಿಸ್ಲಿ.” ಇದು ಆ ರಸ್ತೆಯಲ್ಲಿ ಯಾರೂ ಮಾತನಾಡದೆ ನಡೆದುಕೊಂಡು ಬಂದ ಪದ್ಧತಿ.

ಭಾಯಿ ಸ್ಟೌ ಆರಿಸುತ್ತಿದ್ದ ಹಾಡೇ ಮಾಸ್ಟರು ನನ್ನಿಂದ ಕೇಳಿದ ಹಾಡು. ಅದು ನಮ್ಮವನದು. ಕನ್ನಡದ ಮಾತು ಮಾಸ್ಟರವು: ‘ಮಣ್ಣಿನ ಬಾಯೇ, ಹಾಡು’ ಎಂದು ಶುರುವಾಗುತ್ತದೆ. ಇಂಗ್ಲಿಷಿನ ಗಿಡ್ಡ ಮಾತುಗಳಿಗೆ ಕಟ್ಟಿದ ರಾಗಕ್ಕೆ ನಮ್ಮ ಉದ್ದುದ್ದ ಮಾತುಗಳನ್ನು ಹೊಂದಿಸಲು ಎರಡು ವರ್ಷ ಒದ್ದಾಡಿದರು. ಬಸ್ಸಿನಲ್ಲಿ ತೊಡೆ ತಟ್ಟುತ್ತಾ ಕೂರುತ್ತಿದ್ದುದರಿಂದ ಪಕ್ಕದವರು ಎದ್ದು ಹೋಗುತ್ತಿದ್ದರಂತೆ.

ಆ ಹಾಡಿನ ಕ್ರಮ ಹೀಗೆ. ಮೊದಲ ಭಾಗ ನಾಲ್ಕು ದನಿಯವರೂ ಕೂಡಿಯೇ ಹಾಡುತ್ತೇವೆ. ಆಮೇಲೆ ಎಲ್ಲರೂ ಸುಮ್ಮನಾಗುತ್ತೇವೆ. ಆ ಮೌನದಿಂದ ಬೇಸ್ ಒಂಟಿಯಾಗಿ ಮೇಲೇಳಬೇಕು. ಬೇಸ್ ಎರಡು ಹೆಜ್ಜೆ ಹೋದ ಮೇಲೆ ಟೆನರ್ ಅದೇ ಮಾತು ಹಿಡಿದು ಬರುತ್ತದೆ, ಅದರ ಹಿಂದೆ ಆಲ್ಟೋ, ಕೊನೆಗೆ ಸೊಪ್ರಾನೋ. ಒಬ್ಬರ ಬೆನ್ನಿಗೆ ಒಬ್ಬರು. ಬೇಸ್ ಏಳದಿದ್ದರೆ ಯಾರೂ ಏಳುವಂತಿಲ್ಲ, ಅವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮಾಸ್ಟರು ಟೆನರ್ ಹಾಡುತ್ತಾ ಬಲಗೈಯನ್ನು ಎತ್ತಿ ಇಳಿಸುತ್ತಿದ್ದರು. ಆ ಕೈ ಇಳಿದಾಗ ನನ್ನ ಬಾಯಿ ತೆರೆಯುತ್ತಿತ್ತು. ಇಪ್ಪತ್ತಾರು ವರ್ಷ ನಾನು ನೋಡಿದ್ದು ಆ ಕೈಯನ್ನು.

ಇದಕ್ಕಾಗಿ ಅವರು ಬೆಂಚುಗಳನ್ನು ಚೌಕವಾಗಿ ಹಾಕಿಸುತ್ತಿದ್ದರು. ನಾಲ್ಕು ದನಿ ನಾಲ್ಕು ಕಡೆ, ಒಬ್ಬರ ಮುಖ ಒಬ್ಬರಿಗೆ. ಭಾನುವಾರವೂ ಹಾಗೇ ನಿಲ್ಲಿಸಿದಾಗ ಕಮಿಟಿಯಿಂದ ದೂರು ಬಂತು, ಸಭೆಗೆ ಬೆನ್ನು ತೋರಿಸುತ್ತೀರಿ ಎಂದು. “ನಾವು ಅವ್ರಿಗೆ ಹಾಡ್ತಿಲ್ವಲ್ಲ” ಎಂದರು ಮಾಸ್ಟರು. ಈ ಒಂದು ಮಾತನ್ನು ಯಾರೂ ಮರೆಯಲಿಲ್ಲ. ಆಮೇಲೆ ನಡೆದ ಎಲ್ಲದರಲ್ಲೂ ಅದು ಕೆಲಸ ಮಾಡಿತು.

ನಮ್ಮವನನ್ನು ಗೇಲಿ ಮಾಡಲು ಅವನ ಮನೆಯ ಬೋರ್ಡಿಗೆ ಎರಡು ಬೆಕ್ಕುಗಳನ್ನು ಬಾಲ ಕಟ್ಟಿ ನೇತುಹಾಕಿದ್ದರಂತೆ, ಅವುಗಳ ಕಿರುಚಾಟವೂ ನಿನ್ನ ಹಾಡೂ ಒಂದೇ ಎಂದು. ಮಾಸ್ಟರು ಈ ಕಥೆ ಹೇಳಿದ ಮುಂದಿನ ವಾರ ಅವರ ಹಾರ್ಮೋನಿಯಂ ಮೇಲೆ ಒಂದು ಜೊತೆ ಹಳೇ ಚಪ್ಪಲಿ ಇತ್ತು. ಇಟ್ಟವನು ಟೆನರ್ ಸಾಲಿನ ಒಬ್ಬ ಹುಡುಗಾಟದವನು, ಚರ್ಚಿನ ಹಳೆಯ ದೊಡ್ಡ ಮನೆತನದವನು. ಮುಂದೆ ಅವನೇ ನಮ್ಮ ಕಮಿಟಿಯ ಕಾರ್ಯದರ್ಶಿಯಾದ. ಇಡುವುದನ್ನು ನಾನು ನೋಡಿದ್ದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾಸ್ಟರು ಚಪ್ಪಲಿ ಎತ್ತಿ ತಿರುಗಿಸಿ ನೋಡಿದರು. “ಯಾರೋ ಮರ್ತು ಹೋಗಿದಾರೆ. ಹೊಲಿಗೆ ಬಿಟ್ಟಿದೆ ಪಾಪ.” ಪೇಪರಿನಲ್ಲಿ ಸುತ್ತಿ ಮನೆಗೆ ಒಯ್ದರು. ಮುಂದಿನ ಶನಿವಾರ ಹೊಲಿದು, ಎಣ್ಣೆ ಸವರಿ ತಂದು ಬಾಗಿಲ ಪಕ್ಕ ಇಟ್ಟರು. “ಯಾರ್ದೋ ಅವ್ರು ತಗೊಳ್ಲಿ. ನಮ್ಮಪ್ಪನ ಕಾಲದ ತೊಗಲಿನಂಗಿದೆ, ಇನ್ನೂ ಹತ್ತು ವರ್ಷ ಬರುತ್ತೆ.” ಯಾರೂ ತೆಗೆದುಕೊಳ್ಳಲಿಲ್ಲ. ಆ ಜೊತೆ ಒಂದು ವರ್ಷ ಅಲ್ಲೇ ಇತ್ತು. ಬರುವಾಗ ಹೋಗುವಾಗ ಅದನ್ನು ದಾಟಿಕೊಂಡೇ ಹೋಗಬೇಕಿತ್ತು.

ಮನೆಯಲ್ಲಿ ಅವರು ನಮ್ಮವನ ಜೀವನವನ್ನೂ ಅವನು ಕಟ್ಟಿದ ಹಾಡುಗಳ ವಿಷಯವನ್ನೂ ಕನ್ನಡದಲ್ಲಿ ಬರೆಯುತ್ತಿದ್ದರು. ಶಾಲೆಯ ಉದ್ದನೆಯ ನೋಟುಪುಸ್ತಕಗಳು, ಮೂರು. ಚರ್ಚಿನ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಾರೆಂದಾಗ ಅದರಿಂದ ನಾಲ್ಕು ಪುಟ ತೆಗೆದುಕೊಟ್ಟರು. ಹದಿನೈದು ದಿನ ಬಿಟ್ಟು ಕಾರ್ಯದರ್ಶಿಗಳು ಅಭ್ಯಾಸದ ಹೊತ್ತಿಗೆ ಬಂದರು. ನಾನು ಬೆಂಚು ಎಳೆಯುತ್ತಿದ್ದೆ.

“ಮಾಸ್ಟ್ರೇ, ಆರ್ಟಿಕಲ್ ಸೂಪರ್ ಆಗಿದೆ. ಒಂದೇ ಒಂದು ಪದ ಚೇಂಜ್ ಮಾಡಿದೀವಿ.”

“ಯಾವ್ದು?”

“ಚರ್ಮ ಹದ ಮಾಡುವವನು ಅಂತ ಇದ್ಯಲ್ಲ, ಓದೋಕೆ ಒಂಥರಾ ಆಗುತ್ತೆ. ಚರ್ಮೋದ್ಯಮಿ ಅಂತ ಹಾಕಿದೀವಿ. ಡೀಸೆಂಟಾಗಿರುತ್ತೆ.”

“ಉದ್ಯಮಿ ಅಲ್ಲಪ್ಪ ಅವ್ನು. ಸುಣ್ಣದ ನೀರಲ್ಲಿ ಕೈ ಹಾಕಿ ಕೂದ್ಲು ಕೆರೀತಿದ್ದ.”

“ಬಿಷಪ್ ಓದ್ತಾರೆ ಮಾಸ್ಟ್ರೇ.”

“ಓದ್ಲಿ. ಅವ್ರ ಬೂಟು ಯಾವುದ್ರಲ್ಲಿ ಮಾಡಿದ್ದು?”

ಕಾರ್ಯದರ್ಶಿಗಳು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನು ಬೆಂಚಿನ ಕಾಲು ಸರಿಮಾಡುವವನಂತೆ ಬಗ್ಗಿದೆ. ಮಾಸ್ಟರು ಕೈ ಚಾಚಿ ಪುಟಗಳನ್ನು ವಾಪಸು ಪಡೆದರು. ಸಂಚಿಕೆಯಲ್ಲಿ ಆ ಜಾಗಕ್ಕೆ ಒಬ್ಬ ಕೇಟರಿಂಗಿನವರ ಜಾಹೀರಾತು ಬಂತು, ಎರಡು ಬಣ್ಣದಲ್ಲಿ.

ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಕಾರ್ಯದರ್ಶಿಗಳು ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಗೆ ಬಂದರು. ಅವರ ಕಾರು ನಮ್ಮ ಗಲ್ಲಿಗೆ ಹಿಡಿಸದೆ ಮೂಲೆಯಲ್ಲಿ ನಿಲ್ಲಿಸಿ ನಡೆದು ಬಂದಿದ್ದರು. ಅಂಥವರು ಯಾರೂ ನಮ್ಮ ಮನೆಗೆ ಬಂದವರಲ್ಲ. ಹೆಂಡತಿ ಗಡಿಬಿಡಿಯಿಂದ ಹೊಸ ತಟ್ಟೆ ತೆಗೆದಳು. ಅವರು ಊಟ ಮಾಡಿದರು, ಸಾರು ಚೆನ್ನಾಗಿದೆ ಎಂದರು, ಇನ್ನೊಂದು ಸಲ ಹಾಕಿಸಿಕೊಂಡರು. ಆಮೇಲೆ ಒಂದು ಕಾಗದ ತೆಗೆದರು.

“ಮಾಸ್ಟರಿಗೂ ವಯಸ್ಸಾಯ್ತು ಬ್ರದರ್. ಯೂತ್ಸ್ ಯಾರೂ ನಿಲ್ತಿಲ್ಲ. ಪ್ರೀತಿಯಿಂದ ಕೊಡೋ ರೆಸ್ಟು, ಅಷ್ಟೇ. ಕ್ವಾಯರ್‌ನವರೇ ಕೇಳ್ಕೊಂಡ್ರೆ ಅವ್ರಿಗೂ ಬೇಜಾರಾಗಲ್ಲ. ಸೀನಿಯರ್ ಅಂದ್ರೆ ನೀವೇ. ನೀವ್ ಹಾಕಿದ್ರೆ ಮಿಕ್ಕವ್ರೂ ಹಾಕ್ತಾರೆ.”

ನಾನು ಕಾಗದ ಪೂರ್ತಿ ಓದಲಿಲ್ಲ. ಕೈ ತೊಳೆದು ಬಂದು ಸಹಿ ಹಾಕಿದೆ. ಅವರು ಹೋದ ಮೇಲೆ ಹೆಂಡತಿ ಕೇಳಿದಳು, “ಮಾಸ್ಟರಿಗೆ ಒಂದ್ ಮಾತು ಕೇಳ್ಬೇಕಿತ್ತಲ್ವಾ?” ಕೇಳಬೇಕಿತ್ತು ಎಂದೆ. ಅವಳು ಬಟ್ಟಲು ತೊಳೆಯಲು ಎದ್ದಳು.

ಮುಂದಿನ ಶನಿವಾರ ಮಾಸ್ಟರು ಆ ಕಾಗದವನ್ನು ಅಭ್ಯಾಸಕ್ಕೆ ತಂದರು. ಚೌಕದ ಮಧ್ಯೆ ನಿಂತು ಸಹಿಗಳನ್ನು ಹಾಡಿನ ಪುಟ ನೋಡುವಂತೆ ನೋಡಿದರು.

“ಸೊಪ್ರಾನೋ ಇದೆ. ಆಲ್ಟೋ ಎಲ್ರೂ ಇದಾರೆ, ಯಾರೂ ಲೇಟಿಲ್ಲ. ಟೆನರ್ ಇದೆ.” ನನ್ನ ಕಡೆ ತಿರುಗಿದರು. “ಬೇಸು ಎಲ್ರಿಗಿಂತ ಮೊದ್ಲು ಬಂದಿದೆ. ಕಲಿಸಿದ್ದು ವೇಸ್ಟ್ ಆಗ್ಲಿಲ್ಲಪ್ಪ.”

ಯಾರೂ ತಲೆ ಎತ್ತಲಿಲ್ಲ. ಆಲ್ಟೋ ಅಮ್ಮ ಅಳುತ್ತಿದ್ದರು. ಆಮೇಲೆ ಎಂದಿನಂತೆ ಅಭ್ಯಾಸ ನಡೆಯಿತು. ನಮ್ಮವನ ಹಾಡನ್ನೇ ಹಾಡಿಸಿದರು. ಮೌನದ ಜಾಗದಲ್ಲಿ ಅವರ ಕೈ ಇಳಿಯಿತು, ನಾನು ಎದ್ದೆ, ಎರಡು ಹೆಜ್ಜೆಯ ಹಿಂದೆ ಅವರ ಟೆನರ್ ಬಂತು. ಗೋಡೆಯಾಚೆ ಸ್ಟೌ ಆರಿತ್ತು. ಮುಗಿದ ಮೇಲೆ ಅವರು ನೆಲ ಒರೆಸಿ, ಬಟ್ಟೆ ಹಿಂಡಿ ಕಂಬಿಗೆ ಹಾಕಿ ಹೋದರು. ಅದೇ ಕೊನೆ. ತಿಂಗಳೊಳಗೆ ಕೀಬೋರ್ಡು, ಗಿಟಾರು, ಗೋಡೆಯ ಮೇಲೆ ಮಾತು ತೋರಿಸುವ ಪರದೆ ಬಂದವು. ಈಗ ಎಲ್ಲರೂ ಒಂದೇ ದನಿಯಲ್ಲಿ ಹಾಡುತ್ತಾರೆ. ನಾವು ಹಳಬರು ಬೆಂಚಿಗೆ ಹೋದೆವು.

ಅವರು ಟ್ಯಾನರಿ ರೋಡಿನ ಹಿಂದಿನ ಗಲ್ಲಿಯಲ್ಲಿ ತಂಗಿಯ ಜೊತೆ ಇದ್ದರು. ನಾನು ಹೋಗಲು ಒಂದೂವರೆ ವರ್ಷ ಬೇಕಾಯಿತು. ಸಹಿಯ ಮಾತು ಅವರು ಎತ್ತಲೇ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ನೋಟುಪುಸ್ತಕ ತೆಗೆದು ನಮ್ಮವನ ಕೊನೆಯ ದಿನಗಳನ್ನು ಓದಿ ಹೇಳಿದರು. ಅವನು ಕೊನೆಗಾಲದಲ್ಲಿ ಹಾಡಿನಿಂದ ಹೊಟ್ಟೆ ತುಂಬದೆ ಊರಿನ ಬೀದಿ ಕಸದ ಮೇಲ್ವಿಚಾರಣೆ, ಬಿಟ್ಟ ಹಂದಿಗಳನ್ನು ಹಿಡಿಸುವ ಕೆಲಸ ಮಾಡಿದ. ಹೆಂಡತಿ ಅವನಿಗಿಂತ ಮೊದಲೇ ಸತ್ತಳು. ಅವನು ಸತ್ತ ಮೇಲೆ ಓದಿದವರು ಬಂದು, ಇವೆಲ್ಲ ಒರಟು ರಾಗ, ಆರಾಧನೆಗೆ ಯೋಗ್ಯವಲ್ಲ ಎಂದು ಅವನ ಹಾಡುಗಳನ್ನು ತೆಗೆದುಹಾಕಿ ಹೊರದೇಶದ ನಯವಾದ ರಾಗ ತಂದರು.

“ಹೂತಿದ್ದು ಎಲ್ಲಿ ಮಾಸ್ಟ್ರೇ?”

“ಊರ ಮಧ್ಯದ ಬಯಲಲ್ಲಿ. ಎಲ್ಲಿ ಅಂತ ಗುರುತಿಲ್ಲ, ಕಲ್ಲಿಲ್ಲ. ಕಲ್ಲಿಲ್ದಿದ್ರೆ ಹೋಗ್ಲಿ ಬಿಡು. ಅವತ್ತು ಅಲ್ಲಿ ಯಾರಾದ್ರೂ ಹಾಡಿದ್ರಾ ಅಂತ ಹುಡುಕಿದೆ. ನಂಗೆ ಸಿಕ್ಕಿದ್ರಲ್ಲಿ ಎಲ್ಲೂ ಬರ್ದಿಲ್ಲ. ಅಷ್ಟು ಜನಕ್ಕೆ ಕಲಿಸಿದ್ದ. ಯಾರೋ ಒಬ್ಬ ಶುರು ಮಾಡಿರ್ತಾನೆ ಅಲ್ವಾ?”

“ಮಾಡಿರ್ತಾನೆ.”

“ನಂದು ನೀನ್ ಶುರು ಮಾಡು. ಕೂಡಿ ಹಾಡೋ ಭಾಗ ಬೇಡ, ನೀನ್ ಒಂಟಿಯಾಗಿ ಏಳೋ ಜಾಗದಿಂದ.”

ನಾನು ಬಾಗಿಲ ಕಡೆ ನೋಡಿದೆ.

“ನಿನ್ನನ್ನೇ ಯಾಕೆ ಕೇಳ್ತಿದೀನಿ ಅಂದ್ರೆ, ನೀನು ಶುರು ಮಾಡಿದ್ರೆ ಮಿಕ್ಕವ್ರು ಬರ್ತಾರೆ. ಅದನ್ನ ನಾನು ಕಣ್ಣಾರೆ ನೋಡಿದೀನಿ.” ನೋಟುಪುಸ್ತಕ ಮುಚ್ಚಿ, “ನಾನು ಪೆಟ್ಟಿಗೇಲಿ ಮಲಗಿರ್ತೀನಿ. ಕೈ ಹಾಕೋಕಾಗಲ್ಲ. ಕೈಗೆ ಕಾಯ್ಬೇಡ.”

ಆಗ ಆಗಲಿ ಎಂದೆ. ತಂಗಿ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದರು. ಅವರೂ ಕೇಳಿಸಿಕೊಂಡರು.

ಎರಡು ವರ್ಷದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ತಂಗಿ ಫೋನ್ ಮಾಡಿದರು. ಅಳಲಿಲ್ಲ. “ಅಣ್ಣ ಹೋದ್ರು. ನಾಳೆ ಹನ್ನೊಂದಕ್ಕೆ. ನೀವು ಮಿಕ್ಕವ್ರಿಗೆ ಹೇಳ್ಬಿಡಿ.” ನಾನು ಎಲ್ಲರಿಗೂ ಫೋನ್ ಮಾಡಿದೆ. ಹನ್ನೆರಡು ಜನ ಬರುತ್ತೇವೆಂದರು, ನನ್ನನ್ನೂ ಸೇರಿಸಿ ಹದಿಮೂರು. ಆಲ್ಟೋ ಅಮ್ಮನಿಗೆ ಮಂಡಿ ನೋವು, ಆಟೋದಲ್ಲಿ ಬರುತ್ತೇನೆಂದರು. ಕಾರ್ಯದರ್ಶಿಗಳಿಗೂ ಹೇಳಿದೆ. “ನೋಡೋಣ ಬ್ರದರ್, ಪ್ರೋಗ್ರಾಂ ಆಲ್ರೆಡಿ ಫಿಕ್ಸಾಗಿದೆ” ಎಂದರು. ನೋಡೋಣ ಎಂದರೆ ಇಲ್ಲ ಎಂದು ನನಗೆ ಗೊತ್ತಿತ್ತು. ಬೇಡ ಎಂದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಬುಧವಾರ ಪೆಟ್ಟಿಗೆಯಲ್ಲಿ ಅವರು ತೋಳು ಮಡಿಸಿದ ಬಿಳಿ ಶರ್ಟಿನಲ್ಲೇ ಇದ್ದರು. ತಂಗಿ ಜೇಬಿನಲ್ಲಿ ಒಂದು ತುಂಡು ಸೀಮೆಸುಣ್ಣ ಇಟ್ಟಿದ್ದರು. ನಾವು ಹದಿಮೂರೂ ಜನ ಬಂದಿದ್ದೆವು, ಬೇರೆ ಬೇರೆ ಬೆಂಚುಗಳಲ್ಲಿ ಚದುರಿ ಕೂತಿದ್ದೆವು. ಬೈಬಲಿನ ಪಾಠ ಓದಿದರು. ಕೀಬೋರ್ಡಿನವರು ಒಂದು ಹಾಡು ನುಡಿಸಿದರು, ಮಾತು ಪರದೆಯ ಮೇಲೆ ಬಂತು. ಕಾರ್ಯದರ್ಶಿಗಳು ಎರಡು ಮಾತು ಆಡಿದರು. ಮಾಸ್ಟರು ತಮ್ಮ ಗುರುಗಳೆಂದೂ, ಶಿಸ್ತಿನ ಮನುಷ್ಯರೆಂದೂ, ಅವರ ತಮಾಷೆಯ ಸ್ವಭಾವ ಮರೆಯಲಾರದೆಂದೂ ಹೇಳಿದರು. ಒಂದು ಸಲ ಯಾರೋ ಹುಡುಗರು ಹಾರ್ಮೋನಿಯಂ ಮೇಲೆ ಚಪ್ಪಲಿ ಇಟ್ಟಾಗಲೂ ಎಷ್ಟು ಸಹಜವಾಗಿ ತೆಗೆದುಕೊಂಡರು ಎಂದು ಹೇಳಿದರು. ಸಭೆ ಸಣ್ಣಗೆ ನಕ್ಕಿತು.

ಆಮೇಲೆ ಆರಾಧನೆ ನಡೆಸುತ್ತಿದ್ದ ಪಾದ್ರಿ ಅಯ್ಯನವರು ಪುಸ್ತಕ ಮುಚ್ಚಿ ಹೆಗಲ ಮೇಲಿನ ಪಟ್ಟಿ ಸರಿಮಾಡಿಕೊಂಡರು. ಪೆಟ್ಟಿಗೆ ಎತ್ತುವವರು ಇನ್ನೂ ಬಂದಿರಲಿಲ್ಲ. ಒಂದು ಮೌನ ಬಂತು.

ತಂಗಿ ಮುಂದಿನ ಬೆಂಚಿನಿಂದ ತಿರುಗಿ ನನ್ನನ್ನು ನೋಡಿದರು. ಆಲ್ಟೋ ಅಮ್ಮ ಕೋಲು ಊರಿ ಆಗಲೇ ಎದ್ದು ನಿಂತಿದ್ದರು. ಅಲ್ಲೊಬ್ಬರು ಇಲ್ಲೊಬ್ಬರು ಹೊಸ್ತಿಲ ಮೇಲೆ ಕಾಲಿಟ್ಟವರಂತೆ ಬೆಂಚಿನ ತುದಿಗೆ ಸರಿದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಎದ್ದೆ. ಉಸಿರು ತೆಗೆದುಕೊಂಡೆ. ಮೊದಲ ಸ್ವರ ಗಂಟಲಲ್ಲಿ ಸಿದ್ಧವಾಗಿ ಕೂತಿತ್ತು.

ಕಾರ್ಯದರ್ಶಿಗಳು ಪಕ್ಕದಿಂದ ನನ್ನನ್ನು ನೋಡಿ ಗಡಿಯಾರ ತೋರಿಸಿದರು. “ಟೈಮಾಯ್ತು ಬ್ರದರ್. ಸೆಮೆಟ್ರೀಲಿ ಇನ್ನೊಂದು ಬೇರೆ ಇದೆ” ಎಂದು ಮೆಲ್ಲಗೆ ಹೇಳಿ, ಕೂತ್ಕೊಳ್ಳಿ ಎಂದು ಅಂಗೈ ಇಳಿಸಿದರು.

ನಾನು ಕೂತೆ.

ಅವರು ಜೋರು ಮಾಡಲಿಲ್ಲ, ಬೆದರಿಸಲಿಲ್ಲ. ಹಾಡಿಬಿಟ್ಟಿದ್ದರೆ ಸಭೆಯ ನಡುವೆ ಯಾರೂ ನನ್ನ ಬಾಯಿ ಮುಚ್ಚಿಸುತ್ತಿರಲಿಲ್ಲ. ಎರಡು ಹೆಜ್ಜೆ ಹೋಗಿದ್ದರೆ ಸಾಕಿತ್ತು, ಟೆನರ್‌ನಲ್ಲಿ ಉಳಿದ ಇಬ್ಬರು ಹಿಡಿದುಕೊಳ್ಳುತ್ತಿದ್ದರು. ಇದೆಲ್ಲ ನನಗೆ ಗೊತ್ತು. ಆಲ್ಟೋ ಅಮ್ಮ ಒಬ್ಬರೇ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಅವರೂ ಕೋಲು ಹಿಡಿದು ಮೆಲ್ಲಗೆ ಕೂತರು. ತಂಗಿ ಮುಂದಕ್ಕೆ ತಿರುಗಿಕೊಂಡರು. ಪೆಟ್ಟಿಗೆ ಎತ್ತುವವರು ಬಂದರು.

ಸಮಾಧಿಯ ಹತ್ತಿರ ಹಾಡಬಹುದಿತ್ತಲ್ಲ ಎಂದು ಹೆಂಡತಿ ಆಮೇಲೆ ಕೇಳಿದಳು. ಅಲ್ಲಿ ಹತ್ತು ನಿಮಿಷದಲ್ಲಿ ಮುಗಿಯಿತು. ಮಾಸ್ಟರ ಅಪ್ಪನನ್ನು ಹೂತಿದ್ದ ಗುಂಡಿಯನ್ನೇ ತೆಗೆದಿದ್ದರು. ನಮ್ಮವರು ಅರ್ಧ ಜನ ಬರಲಿಲ್ಲ. ಬಂದವರು ನನ್ನ ಕಡೆ ನೋಡಲಿಲ್ಲ. ಮಣ್ಣು ಹಾಕಿ ಕೈ ತೊಳೆದೆವು. ತಂಗಿ ಹೋಗುವ ಮುಂಚೆ ಒಂದು ಚೀಲ ಕೊಟ್ಟರು, ಮೂರು ನೋಟುಪುಸ್ತಕ. “ನಂಗೆ ಕನ್ನಡ ಓದೋಕೆ ಬರಲ್ಲ. ನಿಮ್ಗೆ ಕೊಡೋಕೆ ಹೇಳಿದ್ರು, ಮೊದ್ಲೇ.” ಕೊನೆಯ ಮಾತನ್ನು ಅವರು ಒತ್ತಿ ಹೇಳಿದರೋ, ನನಗೇ ಹಾಗೆ ಕೇಳಿಸಿತೋ ಗೊತ್ತಿಲ್ಲ.

ಬಸ್ಸಿಗೆ ಚರ್ಚಿನ ರಸ್ತೆಯಿಂದಲೇ ನಡೆಯಬೇಕು. ಭಾಯಿಯ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸ್ಟೌ ಆರಿತ್ತು. ಒಂದು ಟೀ ಎಂದೆ.

“ತಡೀರಿ, ಹಚ್ತೀನಿ” ಎಂದು ಪಾತ್ರೆ ಎಳೆದುಕೊಂಡ. “ಮಾಸ್ಟರ್ ಸಾಬ್ ಹೋಗ್ಬಿಟ್ರಲ್ಲ. ಬೆಳಿಗ್ಗೆ ಆರಿಸಿದ್ದು, ಹಂಗೇ ಇದೆ.”

“ಯಾಕೆ ಭಾಯ್?”

“ಆ ಹಾಡು ಕೇಳೋಣಾಂತ. ಒಬ್ರಾದ್ಮೇಲೆ ಒಬ್ರು ಬರ್ತಾರಲ್ಲ, ಅದು. ಇವತ್ತು ಹಾಡೇ ಹಾಡ್ತಾರೆ ಅಂತ ಗೋಡೆ ಹತ್ರ ನಿಂತಿದ್ದೆ. ಎಲ್ರನ್ನೂ ನೋಡ್ದೆ, ಹಳಬರೆಲ್ಲಾ ಬಂದಿದ್ರು. ಹಾಡ್ಲೇ ಇಲ್ಲ?”

“ಇಲ್ಲ.”

“ಯಾಕೆ?”

ಭಾಯಿ ಇಷ್ಟು ವರ್ಷ ಕೇಳಿದ್ದು ಗೋಡೆಯ ಆಚೆಯಿಂದ. ಯಾವ ದನಿ ಯಾರದು ಎಂದು ಅವನಿಗೆ ಗೊತ್ತಿರಲಿಲ್ಲ.

“ಶುರು ಮಾಡೋರು ಬರ್ಲಿಲ್ಲ” ಎಂದೆ.

ಅವನು ಬೆಂಕಿಕಡ್ಡಿ ಗೀರುತ್ತಾ ತಲೆ ಆಡಿಸಿದ. “ಪಾಪ, ಅವ್ರಿಗೇನ್ ಕಷ್ಟ ಇತ್ತೋ.”

ಸ್ಟೌ ಬುಸ್ ಎಂದು ಹೊತ್ತಿಕೊಂಡಿತು. ಆ ಸದ್ದಿನಲ್ಲಿ ನಾನು ಏನಾದರೂ ಹೇಳಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಟೀ ಬರುವವರೆಗೆ ಕೂತಿದ್ದೆ.